ಎಪ್ಪತ್ತು ಸಾವಿರ ಅಡಿ ಎತ್ತರದ ಗಾಳಿಗೆ ವಿಮಾನವೇ ಏಕೆ ಬೇಕು?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯವನು, ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಾಸಾ ಸಂಸ್ಥೆ ‘ಇಆರ್-2’ ಎಂಬ ವಿಮಾನವನ್ನು 70,000 ಅಡಿ ಎತ್ತರದಲ್ಲಿ ಹಾರಿಸಿ ವಾಯುಮಂಡಲದ ಅಧ್ಯಯನ ಮಾಡುತ್ತದೆ ಎಂದು ಓದಿದೆ. ಅದು ಹಳೆಯ ಬೇಹುಗಾರಿಕೆ ವಿಮಾನದ ಮಾದರಿಯಂತೆ. ಇಷ್ಟೊಂದು ಉಪಗ್ರಹಗಳಿರುವಾಗ ಈ ಕಷ್ಟ ಏಕೆ? ಬೇಕೇ ಬೇಕೆಂದರೆ ಡ್ರೋನ್ ಕಳಿಸಬಹುದಲ್ಲ, ಪೈಲಟ್ ಏಕೆ ಹೋಗಬೇಕು? ನಮ್ಮ ದೇಶದಲ್ಲಿ ಇಂಥ ಕೆಲಸ ನಡೆಯುತ್ತಿದೆಯೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಮೊದಲನೆಯದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಅದು ಬಿಡಿಸಿಕೊಂಡರೆ ಉಳಿದೆರಡು ಸುಲಭ.

ಉಪಗ್ರಹ ಗಾಳಿಯನ್ನು ಮುಟ್ಟುವುದಿಲ್ಲ. ನೂರಾರು ಕಿಲೋಮೀಟರ್ ಮೇಲಿನಿಂದ ಅದು ಬೆಳಕನ್ನೋ ರೇಡಿಯೊ ತರಂಗವನ್ನೋ ಹಿಡಿಯುತ್ತದೆ. ಆ ಬೆಳಕು ಯಾವ ಬಣ್ಣದಲ್ಲಿ ಎಷ್ಟು ಕುಂದಿದೆ ಎಂಬುದನ್ನು ನೋಡಿ, ದಾರಿಯಲ್ಲಿ ಯಾವ ಅನಿಲ ಎಷ್ಟಿರಬಹುದು ಎಂದು ನಾವು ಇಲ್ಲಿ ಕುಳಿತು ಲೆಕ್ಕ ಹಾಕುತ್ತೇವೆ. ಪಾತ್ರೆಯಿಂದ ಏಳುವ ಹಬೆ ನೋಡಿ ಅನ್ನ ಬೆಂದಿರಬೇಕು ಎಂದು ಅಂದಾಜು ಮಾಡಿದಂತೆ ಇದು. ಅಂದಾಜು ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೂ ಅಡುಗೆ ಮಾಡುವವರು ಒಂದು ಅಗುಳನ್ನು ತೆಗೆದು ಹಿಸುಕಿ ನೋಡದೆ ಒಲೆ ಆರಿಸುವುದಿಲ್ಲ. ಇಆರ್-2 ಮಾಡುವುದು ಅಗುಳು ಹಿಸುಕುವ ಕೆಲಸ. ಅದು ಆ ಎತ್ತರಕ್ಕೇ ಹೋಗಿ, ಅಲ್ಲಿನ ಗಾಳಿಯನ್ನೇ ಉಪಕರಣದೊಳಕ್ಕೆ ಎಳೆದುಕೊಂಡು ಪರೀಕ್ಷಿಸುತ್ತದೆ.

ಇದರ ಬೆಲೆ ಏನೆಂಬುದು 1987ರಲ್ಲಿ ಗೊತ್ತಾಯಿತು. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ, ಇನ್ನೂ ಬೇಸರವಾಗಿಲ್ಲ.

ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯಲ್ಲಿ ವರ್ಷಾನುಗಟ್ಟಲೆ ಓಝೋನ್ ಅಳೆಯುತ್ತಿದ್ದ ಬ್ರಿಟನ್ನಿನ ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ 1985ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿನ ವಸಂತದಲ್ಲಿ, ಅಂದರೆ ನಮ್ಮ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಓಝೋನ್ ಪದರ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ ಎಂಬುದು ಅದರ ಸಾರ. ಆ ತೂತು ಎಷ್ಟು ವಿಶಾಲವಾಗಿದೆ ಎಂದು ಉಪಗ್ರಹದ ದತ್ತಾಂಶ ತೋರಿಸಿತು. ಆದರೆ ಏಕೆ ಆಗುತ್ತಿದೆ ಎಂಬ ಪ್ರಶ್ನೆಗೆ ಮೂರು ಉತ್ತರಗಳು ಒಂದರ ಪಕ್ಕ ಒಂದು ನಿಂತಿದ್ದವು. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಹುಟ್ಟುವ ಸಾರಜನಕದ ಆಕ್ಸೈಡ್‌ಗಳು ಓಝೋನ್ ತಿನ್ನುತ್ತಿವೆ ಎಂದರು ಕೆಲವರು. ಓಝೋನ್ ನಾಶವೇ ಆಗುತ್ತಿಲ್ಲ, ಓಝೋನ್ ಕಡಿಮೆ ಇರುವ ಕೆಳಗಿನ ಗಾಳಿ ಮೇಲಕ್ಕೆ ಉಕ್ಕಿ ಬರುತ್ತಿದೆ ಎಂದರು ಇನ್ನು ಕೆಲವರು. ರೆಫ್ರಿಜರೇಟರ್ ಮತ್ತು ಸ್ಪ್ರೇ ಡಬ್ಬಿಗಳಿಂದ ಹೊರಬಂದ ಸಿಎಫ್‌ಸಿ (ಕ್ಲೋರೊಫ್ಲೋರೊಕಾರ್ಬನ್) ಅನಿಲಗಳ ಕ್ಲೋರಿನ್ ಕಾರಣ ಎಂದರು ಮೂರನೆಯವರು. ಸೂಸನ್ ಸೊಲೊಮನ್ ಅವರ ತಂಡ 1986ರಲ್ಲಿ ಅಂಟಾರ್ಕ್ಟಿಕಾದ ನೆಲದ ಮೇಲಿಂದಲೇ ಅಳತೆ ಮಾಡಿ ಕ್ಲೋರಿನ್ ಕಡೆಗೆ ಬಲವಾದ ಸುಳಿವು ತಂದಿತ್ತು. ಸುಳಿವು ಸಿಕ್ಕಿತ್ತು, ಸಾಕ್ಷಿ ಬೇಕಾಗಿತ್ತು.

1987ರ ಆಗಸ್ಟ್‌ನಲ್ಲಿ ಚಿಲಿ ದೇಶದ ತೆಂಕಣ ತುದಿಯ ಪುಂಟಾ ಅರೆನಾಸ್ ಪಟ್ಟಣಕ್ಕೆ ಇಆರ್-2 ಬಂದಿತು. ಜೊತೆಗೆ ಕೆಳಮಟ್ಟದಲ್ಲಿ ಹಾರುವ ಡಿಸಿ-8 ವಿಮಾನ, ನೂರಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ತಂತ್ರಜ್ಞರು. ಒಂದೇ ಎಂಜಿನ್ನಿನ, ಒಬ್ಬನೇ ಪೈಲಟ್ ಕೂರುವ ವಿಮಾನ ದಕ್ಷಿಣದತ್ತ ಹಿಮಗಡಲಿನ ಮೇಲೆ ಹಾರಿ, 72 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ಹಿಂದಿರುಗಬೇಕು. ಎಂಜಿನ್ ಕೈಕೊಟ್ಟರೆ ಇಳಿಯಲು ಜಾಗವಿಲ್ಲ. ಹೊರಗಿನ ಉಷ್ಣತೆ ಮೈನಸ್ 80 ಡಿಗ್ರಿಗಿಂತಲೂ ಕೆಳಗೆ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯೊಳಗೆ ಪೈಲಟ್‌ಗಳು ಈ ದಾರಿಯನ್ನು ಹನ್ನೆರಡು ಸಲ ಹೋಗಿಬಂದರು.

ವಿಮಾನದ ರೆಕ್ಕೆಗೆ ಅಂಟಿದ ಕೋಶವೊಂದರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಆಂಡರ್ಸನ್ ಅವರ ತಂಡದ ಉಪಕರಣವಿತ್ತು. ನೀವು ಭೌತವಿಜ್ಞಾನದವರು, ಆದ್ದರಿಂದ ಅದರ ಒಳಗುಟ್ಟನ್ನು ಹೇಳುತ್ತೇನೆ. ಹುಡುಕಬೇಕಾದದ್ದು ಕ್ಲೋರಿನ್ ಮಾನಾಕ್ಸೈಡ್. ಕ್ಲೋರಿನ್ ಪರಮಾಣು ಓಝೋನ್ ಅಣುವಿನಿಂದ ಒಂದು ಆಮ್ಲಜನಕವನ್ನು ಕಿತ್ತುಕೊಂಡಾಗ ಉಳಿಯುವ ಅಣು ಅದು. ಕಳ್ಳನ ಕೈಯಲ್ಲಿ ಸಿಕ್ಕ ಮಾಲು ಎನ್ನಬಹುದು. ಅದು ಇರುವುದು ನೂರು ಕೋಟಿ ಅಣುಗಳಲ್ಲಿ ಒಂದರಷ್ಟು, ಮೇಲಾಗಿ ಯಾವುದಾದರೂ ಗೋಡೆಗೆ ತಗುಲಿದರೆ ಸಾಕು, ಮಾಯ. ಹಾಗಾಗಿ ಬಾಟಲಿಯಲ್ಲಿ ತುಂಬಿಕೊಂಡು ಪ್ರಯೋಗಾಲಯಕ್ಕೆ ತರುವ ಮಾತೇ ಇಲ್ಲ, ಅಲ್ಲಿಯೇ ಅಳೆಯಬೇಕು. ಕೊಳವೆಯ ಮೂಲಕ ಹೊರಗಿನ ಗಾಳಿ ನುಗ್ಗುತ್ತದೆ; ಅದರ ವೇಗವನ್ನು ತಗ್ಗಿಸಿ, ಗೋಡೆ ಸೋಕದ ನಡುಭಾಗದ ಹರಿವನ್ನು ಮಾತ್ರ ಅಳತೆಗೆ ಒಡ್ಡುತ್ತಾರೆ. ಅದಕ್ಕೆ ನೈಟ್ರಿಕ್ ಆಕ್ಸೈಡ್ ಬೆರೆಸಿದರೆ ಕ್ಲೋರಿನ್ ಮಾನಾಕ್ಸೈಡ್ ತನ್ನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಬರಿಯ ಕ್ಲೋರಿನ್ ಪರಮಾಣು ಉಳಿಯುತ್ತದೆ. ಅದರ ಮೇಲೆ ತಕ್ಕ ತರಂಗಾಂತರದ ನೇರಳಾತೀತ ಬೆಳಕು ಬಿಟ್ಟರೆ ಅದು ಮಿನುಗುತ್ತದೆ. ಆ ಮಿನುಗನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಇದೆಲ್ಲ ನಡೆಯುವುದು ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೋಗುತ್ತಿರುವ ರೆಕ್ಕೆಯ ಮೇಲೆ.

ಆಗಸ್ಟ್‌ನ ಹಾರಾಟಗಳಲ್ಲಿ ಒಂದು ವಿಚಿತ್ರ ಕಂಡಿತು. ಧ್ರುವದ ಸುತ್ತ ಚಳಿಗಾಲದಲ್ಲಿ ಕಟ್ಟಿಕೊಳ್ಳುವ ಗಾಳಿಯ ಸುಳಿಯೊಳಗೆ ವಿಮಾನ ಕಾಲಿಟ್ಟ ಕೂಡಲೇ ಕ್ಲೋರಿನ್ ಮಾನಾಕ್ಸೈಡ್ ಸಾಮಾನ್ಯಕ್ಕಿಂತ ನೂರು ಪಟ್ಟಿಗೂ ಮೀರಿ ಜಿಗಿಯಿತು. ಆದರೆ ಓಝೋನ್ ಇನ್ನೂ ಹೆಚ್ಚೇನೂ ಇಳಿದಿರಲಿಲ್ಲ. ವಾರಗಳು ಕಳೆದು ಸೂರ್ಯನ ಬೆಳಕು ಮರಳಿದಂತೆ ಓಝೋನ್ ಕರಗತೊಡಗಿತು. ಸೆಪ್ಟೆಂಬರ್ 16ರ ಹಾರಾಟದ ನಕ್ಷೆಯನ್ನು ನೀವು ಒಮ್ಮೆ ಹುಡುಕಿ ನೋಡಲೇಬೇಕು. ಎರಡು ಗೆರೆಗಳು. ಸುಳಿಯ ಅಂಚಿನಲ್ಲಿ ಒಂದು ಏರುತ್ತದೆ, ಇನ್ನೊಂದು ಬೀಳುತ್ತದೆ. ಒಂದರಲ್ಲಿ ಸಣ್ಣ ತಗ್ಗಿದ್ದರೆ ಇನ್ನೊಂದರಲ್ಲಿ ಅದೇ ಜಾಗದಲ್ಲಿ ಸಣ್ಣ ಉಬ್ಬು. ಕನ್ನಡಿ ಹಿಡಿದಂತೆ.

ನನ್ನನ್ನು ಕೇಳಿದರೆ, ಸೆಪ್ಟೆಂಬರ್‌ನ ಆ ನಕ್ಷೆಯಷ್ಟೇ ಮುಖ್ಯವಾದದ್ದು ಆಗಸ್ಟ್‌ನ ನಕ್ಷೆ. ಎರಡು ಗೆರೆಗಳು ಜೊತೆಯಾಗಿ ಏರಿಳಿದವು ಎಂಬುದೊಂದರಿಂದಲೇ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಇಲ್ಲಿ ಕಾರಣ ಮೊದಲು ಬಂದಿತ್ತು, ಪರಿಣಾಮ ಆಮೇಲೆ ಬಂದಿತು, ಎರಡನ್ನೂ ಅದೇ ವಿಮಾನ ಅದೇ ದಾರಿಯಲ್ಲಿ ಹಾರಿ ದಾಖಲಿಸಿತ್ತು. ಉಳಿದ ಇಬ್ಬರು ಆರೋಪಿಗಳ ವಿಚಾರಣೆಯೂ ಅದೇ ಹಾರಾಟಗಳಲ್ಲಿ ಮುಗಿಯಿತು. ಸೂರ್ಯನ ಚಟುವಟಿಕೆ ಕಾರಣವಾಗಿದ್ದರೆ ಸುಳಿಯೊಳಗೆ ಸಾರಜನಕದ ಆಕ್ಸೈಡ್‌ಗಳು ಹೇರಳವಾಗಿರಬೇಕಿತ್ತು. ಇದ್ದದ್ದು ತೀರ ಕಡಿಮೆ. ಕೆಳಗಿನ ಗಾಳಿ ಮೇಲೆ ಉಕ್ಕುತ್ತಿದ್ದರೆ, ಕೆಳಮಟ್ಟದಲ್ಲಿ ಧಾರಾಳವಾಗಿರುವ ನೈಟ್ರಸ್ ಆಕ್ಸೈಡ್ ಅಲ್ಲಿ ಹೆಚ್ಚಿರಬೇಕಿತ್ತು. ಅದೂ ಕಡಿಮೆಯೇ ಇತ್ತು, ಅಂದರೆ ಗಾಳಿ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು.

ಸಿಎಫ್‌ಸಿಗಳನ್ನು ನಿಯಂತ್ರಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ 1987ರ ಸೆಪ್ಟೆಂಬರ್ 16ರಂದೇ. ವಿಮಾನದ ಆ ದಿನದ ಅಳತೆ ಸಹಿ ಮಾಡುವವರ ಕೈಗೆ ತಲುಪಿರಲಿಲ್ಲ, ಅವರು ಅದಕ್ಕಾಗಿ ಕಾದಿರಲೂ ಇಲ್ಲ. ಆದರೆ 1990ರಲ್ಲಿ ಲಂಡನ್ನಿನಲ್ಲಿ ಸೇರಿ, ಇವುಗಳನ್ನು ಕಡಿಮೆ ಮಾಡಿದರೆ ಸಾಲದು, ಪೂರ್ತಿ ನಿಲ್ಲಿಸಬೇಕು ಎಂದು ತೀರ್ಮಾನಿಸುವಾಗ ಕಾರಣದ ಬಗ್ಗೆ ಅನುಮಾನ ಉಳಿದಿರಲಿಲ್ಲ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. 1991ರಲ್ಲಿ ಹಾರಿಬಿಟ್ಟ ಯುಎಆರ್‌ಎಸ್ ಉಪಗ್ರಹ ಕ್ಲೋರಿನ್ ಮಾನಾಕ್ಸೈಡನ್ನು ಬಾಹ್ಯಾಕಾಶದಿಂದಲೇ ಅಳೆದು, ಧ್ರುವದ ಇಡೀ ನಕ್ಷೆಯನ್ನು ದಿನದಿನವೂ ಕೊಟ್ಟಿತು. ಆ ವ್ಯಾಪ್ತಿ ಯಾವ ವಿಮಾನಕ್ಕೂ ಸಾಧ್ಯವಿಲ್ಲ. ಆದರೆ ಅಂಥ ಉಪಗ್ರಹದ ಒಂದೊಂದು ಅಳತೆಯೂ ಎತ್ತರದಲ್ಲಿ ಕೆಲವು ಕಿಲೋಮೀಟರ್, ಅಡ್ಡಕ್ಕೆ ನೂರಾರು ಕಿಲೋಮೀಟರ್ ಗಾಳಿಯ ಸರಾಸರಿ. ಸುಳಿಯ ಅಂಚಿನ ಆ ಸಣ್ಣ ತಗ್ಗು, ಉಬ್ಬುಗಳು ಅದರಲ್ಲಿ ಕಲಸಿಹೋಗುತ್ತವೆ.

ಉಪಗ್ರಹದ ಅಂದಾಜು ಸರಿಯೇ ಎಂದು ತಾಳೆ ನೋಡಲೂ ವಿಮಾನ ಬೇಕು. ಉಪಗ್ರಹ ತಲೆಯ ಮೇಲೆ ಹಾದುಹೋಗುವ ನಿಮಿಷಕ್ಕೆ ಸರಿಯಾಗಿ ಇಆರ್-2 ಅದರ ಕೆಳಗೆ, ಅದೇ ಗೆರೆಯಲ್ಲಿ ಹಾರುತ್ತದೆ. ಹೊಸ ಉಪಗ್ರಹಕ್ಕೆ ಹೊಂದಿಸಬೇಕಾದ ಉಪಕರಣವನ್ನು ಮೊದಲು ಇದರಲ್ಲಿಟ್ಟು ಹಾರಿಸಿ ಪರೀಕ್ಷಿಸುವುದೂ ಉಂಟು. ತಪ್ಪಿದ್ದರೆ ಸಂಜೆ ವಿಮಾನ ಇಳಿದ ಮೇಲೆ ಮುಚ್ಚಳ ಬಿಚ್ಚಿ ಸರಿಮಾಡಬಹುದು. ಕಕ್ಷೆ ಸೇರಿದ ಉಪಕರಣಕ್ಕೆ ಆ ಭಾಗ್ಯವಿಲ್ಲ.

ಈಗ ಎತ್ತರದ ವಿಚಾರ. ಸಾಮಾನ್ಯ ಪ್ರಯಾಣಿಕ ವಿಮಾನ ಹಾರುವುದು 10-12 ಕಿಲೋಮೀಟರ್ ಎತ್ತರದಲ್ಲಿ. ಇಆರ್-2 ಅದರ ಇಮ್ಮಡಿ ಎತ್ತರಕ್ಕೆ, ಸುಮಾರು 21 ಕಿಲೋಮೀಟರಿಗೆ ಏರುತ್ತದೆ. ಶಾಲೆಯ ಪುಸ್ತಕದಲ್ಲಿ ಸಮೋಷ್ಣ ಮಂಡಲ ಎಂದು ಓದಿದ್ದೀರಲ್ಲ, ಅದರೊಳಗೆ. ವಾಯುಮಂಡಲದ ಶೇಕಡಾ 95 ಭಾಗ ಅಲ್ಲಿ ಕಾಲ ಕೆಳಗಿರುತ್ತದೆ. ಗಾಳಿ ಅಷ್ಟು ತೆಳುವಾದಾಗ ರೆಕ್ಕೆಗೆ ಆಧಾರ ಸಿಗಬೇಕಾದರೆ ವೇಗ ಬೇಕು, ಆದರೆ ಅಲ್ಲಿನ ಚಳಿಯಲ್ಲಿ ಶಬ್ದದ ವೇಗವೇ ಕಡಿಮೆ, ಅದರ ಹತ್ತಿರ ಹೋದರೆ ವಿಮಾನ ಅದುರತೊಡಗುತ್ತದೆ. ನಿಧಾನವಾದರೆ ಬೀಳುವ, ಜೋರಾದರೆ ಒಡೆಯುವ ಈ ಎರಡು ಮಿತಿಗಳ ನಡುವೆ ಕೆಲವೊಮ್ಮೆ ಉಳಿಯುವುದು ಗಂಟೆಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದ ಅಂತರ ಮಾತ್ರ. ಪೈಲಟ್ ಎಂಟು ಗಂಟೆ ಕಾಲ ಆ ಗೆರೆಯ ಮೇಲೆ ನಡೆಯುತ್ತಾನೆ.

ಅವನು ಹೊರಡುವ ಕ್ರಮವೇ ಬೇರೆ. ಸುಮಾರು 19 ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ ನೀರು ನಮ್ಮ ಮೈಯ ಬಿಸಿಗೇ ಕುದಿಯುತ್ತದೆ. ಕಾಕ್‌ಪಿಟ್ಟಿನ ಒತ್ತಡ ಸೋರಿದರೆ ಬದುಕಿ ಉಳಿಯಲು ಗಗನಯಾತ್ರಿಗಳದ್ದೇ ಬಗೆಯ ಒತ್ತಡದ ಉಡುಪು ತೊಡಬೇಕು. ಅದನ್ನು ಒಬ್ಬನೇ ಹಾಕಿಕೊಳ್ಳಲಾಗದು, ಇಬ್ಬರು ನೆರವಿಗೆ ನಿಲ್ಲುತ್ತಾರೆ. ಹೆಲ್ಮೆಟ್ ಬಿಗಿದ ಮೇಲೆ ಒಂದು ಗಂಟೆ ಶುದ್ಧ ಆಮ್ಲಜನಕ ಉಸಿರಾಡುತ್ತ ಕುರ್ಚಿಯಲ್ಲಿ ಒರಗಿರುತ್ತಾನೆ. ರಕ್ತದಲ್ಲಿ ಕರಗಿರುವ ಸಾರಜನಕ ಹೊರಹೋಗದಿದ್ದರೆ ಮೇಲೆ ಹೋದಾಗ ಅದು ಸೋಡಾ ಬಾಟಲಿ ತೆರೆದಂತೆ ಗುಳ್ಳೆಯೇಳುತ್ತದೆ, ಕೀಲುಗಳಲ್ಲಿ ಪ್ರಾಣಾಂತಿಕ ನೋವು. ಊಟ ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ, ಹೆಲ್ಮೆಟ್ಟಿನ ಸಣ್ಣ ರಂಧ್ರದ ಮೂಲಕ.

ಇಳಿಯುವಾಗ ಇನ್ನೂ ಕಷ್ಟ. 31 ಮೀಟರ್ ಅಗಲದ ರೆಕ್ಕೆ, ಚಕ್ರಗಳು ಸೈಕಲ್ಲಿನಂತೆ ಒಂದರ ಹಿಂದೆ ಒಂದು. ರೆಕ್ಕೆಯ ತುದಿಗೆ ಆಸರೆಯಾಗಿದ್ದ ಪುಟ್ಟ ಚಕ್ರಗಳು ಮೇಲೇರುವಾಗಲೇ ಕಳಚಿ ರನ್‌ವೇ ಮೇಲೆ ಬಿದ್ದಿರುತ್ತವೆ. ಹೆಲ್ಮೆಟ್ ತೊಟ್ಟ ಪೈಲಟ್‌ಗೆ ನೆಲ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಇನ್ನೊಬ್ಬ ಪೈಲಟ್ ಕಾರಿನಲ್ಲಿ ಕುಳಿತು, ಇಳಿಯುತ್ತಿರುವ ವಿಮಾನದ ಬೆನ್ನು ಹತ್ತಿ ರನ್‌ವೇ ಮೇಲೆ ಶರವೇಗದಲ್ಲಿ ಓಡಿಸುತ್ತ, ನೆಲ ಇನ್ನೆಷ್ಟು ಅಡಿ ಎಂದು ರೇಡಿಯೊದಲ್ಲಿ ಎಣಿಸುತ್ತಾನೆ: ಹತ್ತು, ಎಂಟು, ಐದು, ಎರಡು. ವೇಗ ಸತ್ತಾಗ ವಿಮಾನ ಒಂದು ಪಕ್ಕಕ್ಕೆ ವಾಲಿ ರೆಕ್ಕೆಯ ತುದಿಯೂರಿ ನಿಲ್ಲುತ್ತದೆ. ಜನ ಓಡಿಬಂದು ಮತ್ತೆ ಆ ಪುಟ್ಟ ಚಕ್ರಗಳನ್ನು ಸಿಕ್ಕಿಸುತ್ತಾರೆ.

ಬೇಹುಗಾರಿಕೆಯ ನಂಟು ನಿಜ. ಇಆರ್-2 ಮೂಲತಃ ಯು-2, 1955ರಲ್ಲಿ ಮೊದಲು ಹಾರಿದ್ದು. 1960ರ ಮೇ 1ರಂದು ಸೋವಿಯತ್ ಒಕ್ಕೂಟ ಒಂದು ಯು-2 ವಿಮಾನವನ್ನು ಹೊಡೆದುರುಳಿಸಿದಾಗ, ಅದು ನಾಸಾದ ಹವಾಮಾನ ಸಂಶೋಧನೆಯ ವಿಮಾನ ಎಂದು ಅಮೆರಿಕ ಸುಳ್ಳು ಹೇಳಿತ್ತು. ಪೈಲಟ್ ಗ್ಯಾರಿ ಪವರ್ಸ್ ಜೀವಂತವಾಗಿ ಸಿಕ್ಕಿಬಿದ್ದದ್ದರಿಂದ ಆ ಸುಳ್ಳು ನಿಲ್ಲಲಿಲ್ಲ. ಹನ್ನೊಂದು ವರ್ಷದ ನಂತರ, 1971ರಲ್ಲಿ, ನಾಸಾ ನಿಜವಾಗಿಯೂ ಎರಡು ಯು-2ಗಳನ್ನು ಪಡೆದು ಸಂಶೋಧನೆಗೆ ಹಚ್ಚಿತು. ಮೊದಲ ಇಆರ್-2 ಬಂದದ್ದು 1981ರಲ್ಲಿ, ಎರಡನೆಯದು 1989ರಲ್ಲಿ. ಇವುಗಳ ಜೊತೆ ಹೂಸ್ಟನ್‌ನಲ್ಲಿರುವ ಡಬ್ಲ್ಯುಬಿ-57 ವಿಮಾನಗಳೂ ಇವೆ. ಅವು ಕ್ಯಾನ್‌ಬೆರಾ ಬಾಂಬರ್ ವಂಶದವು. ನಮ್ಮ ವಾಯುಪಡೆಯೂ 2007ರವರೆಗೆ ಕ್ಯಾನ್‌ಬೆರಾ ಹಾರಿಸುತ್ತಿತ್ತು. ವಿಮಾನ ಹಳೆಯದೆಂದು ಹಗುರವಾಗಿ ನೋಡಬೇಡಿ. ಪ್ರತಿ ಅಭಿಯಾನಕ್ಕೂ ಮೂತಿ, ಹೊಟ್ಟೆ, ರೆಕ್ಕೆಯ ಕೋಶಗಳಲ್ಲಿ ಹೊಸ ಉಪಕರಣ ತುಂಬುತ್ತಾರೆ.

ಈಚಿನ ಎರಡು ಕೆಲಸಗಳನ್ನು ಹೇಳುತ್ತೇನೆ. 2023ರ ಜುಲೈಯಲ್ಲಿ ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಆರ್-2ರಲ್ಲಿ ಗಾಮಾ ಕಿರಣ ಪತ್ತೆಮಾಡುವ ಉಪಕರಣವಿಟ್ಟು ಫ್ಲಾರಿಡಾದಿಂದ ಹೊರಟು ಉಷ್ಣವಲಯದ ಗುಡುಗು ಮೋಡಗಳ ನೆತ್ತಿಯ ಮೇಲೆ ಹಾರಿಸಿದರು. ಅಳತೆ ಆಗಿಂದಾಗಲೇ ನೆಲಕ್ಕೆ ಬರುತ್ತಿತ್ತು. ಕೆಳಗೆ ಪರದೆಯ ಮುಂದೆ ಕುಳಿತವರಿಗೆ ಮೋಡ ಗಾಮಾ ಕಿರಣದಲ್ಲಿ ಹೊಳೆಯುತ್ತಿರುವುದು ಕಂಡರೆ, ತಿರುಗಿ ಅದೇ ಮೋಡದ ಮೇಲೆ ಬರುವಂತೆ ಪೈಲಟ್‌ಗೆ ಹೇಳುತ್ತಿದ್ದರು. ಹಿಂದೆ ಅಪರೂಪ ಎಂದುಕೊಂಡಿದ್ದ ಈ ಹೊಳಪು ಉಷ್ಣವಲಯದ ದೊಡ್ಡ ಮೋಡಗಳಲ್ಲಿ ಗಂಟೆಗಟ್ಟಲೆ ಕುದಿಯುವ ಸಾಮಾನ್ಯ ಸಂಗತಿ ಎಂದು ಗೊತ್ತಾಯಿತು. ಅದೇ ಮೋಡದ ಮೇಲೆ ಮತ್ತೆ ಮತ್ತೆ ಸುತ್ತುವುದು ಕೆಳಕಕ್ಷೆಯ ಉಪಗ್ರಹಕ್ಕೆ ಆಗದ ಕೆಲಸ. ಅದೇ ವರ್ಷ ಅಲಾಸ್ಕಾದಿಂದ ಹಾರಿದ ಡಬ್ಲ್ಯುಬಿ-57 ಮೇಲಿನ ಗಾಳಿಯ ಗಂಧಕಾಮ್ಲದ ಕಣಗಳನ್ನು ಒಂದೊಂದಾಗಿ ಲೇಸರ್‌ನಿಂದ ಸಿಡಿಸಿ ಒಳಗೇನಿದೆ ಎಂದು ನೋಡಿತು. ತುಸು ದೊಡ್ಡ ಕಣಗಳಲ್ಲಿ ಸುಮಾರು ಶೇಕಡಾ 10ರಷ್ಟರಲ್ಲಿ ಅಲ್ಯೂಮಿನಿಯಂ ಮತ್ತಿತರ ಲೋಹಗಳಿದ್ದವು. ಅವು ಬಾಹ್ಯಾಕಾಶದಿಂದ ಮರಳುವಾಗ ಉರಿದುಹೋದ ಉಪಗ್ರಹ, ರಾಕೆಟ್‌ಗಳ ಬೂದಿ. ನಾವು ಕಳಿಸಿದ ಉಪಗ್ರಹಗಳು ಗಾಳಿಗೆ ಏನು ಮಾಡುತ್ತಿವೆ ಎಂಬುದನ್ನೂ ವಿಮಾನವೇ ಹೋಗಿ ನೋಡಬೇಕಾಯಿತು.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ್ದು ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಮೋಡಗಳು ನೆಲದ ಗಾಳಿಯನ್ನು ಹೀರಿ 15-16 ಕಿಲೋಮೀಟರ್ ಎತ್ತರಕ್ಕೆ ಕೊಂಡೊಯ್ಯುತ್ತವೆ. ಅಲ್ಲಿ ಪಶ್ಚಿಮ ಏಷ್ಯಾದಿಂದ ಚೀನಾದವರೆಗೆ ಹರಡಿದ ಭಾರಿ ಸುತ್ತುಗಾಳಿಯೊಂದು ಅದನ್ನು ಹಿಡಿದಿಡುತ್ತದೆ. ಅದರೊಳಗೆ ಸೂಕ್ಷ್ಮ ಕಣಗಳ ತೆಳು ಪದರವೊಂದಿದೆ ಎಂದು ಜಾನ್-ಪಾಲ್ ವರ್ನಿಯೆ ಮತ್ತು ಸಂಗಡಿಗರು 2011ರಲ್ಲಿ ಉಪಗ್ರಹದ ಲಿಡಾರ್, ಅಂದರೆ ಲೇಸರ್ ಬೆಳಕು ಬಿಟ್ಟು ಮರಳಿದ್ದನ್ನು ಅಳೆಯುವ ಉಪಕರಣದ ದತ್ತಾಂಶದಿಂದ ತೋರಿಸಿದರು. ಆ ಕಣ ಯಾವುದರದ್ದು? 2017ರ ಜುಲೈ-ಆಗಸ್ಟ್‌ನಲ್ಲಿ ಯುರೋಪಿನ ವಿಜ್ಞಾನಿಗಳು ರಷ್ಯಾದ ‘ಜಿಯೊಫಿಸಿಕಾ’ ವಿಮಾನವನ್ನು ಕಠ್ಮಂಡುವಿಗೆ ತಂದು, ನೇಪಾಳ, ಭಾರತ, ಬಾಂಗ್ಲಾದೇಶಗಳ ಮೇಲೆ ಎಂಟು ಹಾರಾಟ ನಡೆಸಿದರು. ಉತ್ತರ ಸಿಕ್ಕಿತು: ಆ ಪದರದಲ್ಲಿ ಅಮೋನಿಯಂ ನೈಟ್ರೇಟ್ ಹೇರಳವಾಗಿದೆ. ಅಮೋನಿಯಾದ ದೊಡ್ಡ ಮೂಲ ಕೃಷಿ, ಅಂದರೆ ಹೊಲಕ್ಕೆ ಎರಚುವ ಯೂರಿಯಾ ಮತ್ತು ಕೊಟ್ಟಿಗೆಯ ಗೊಬ್ಬರ, ಗಂಜಲ. ಗಂಗೆಯ ಬಯಲಿನ ಗದ್ದೆಯಿಂದ ಎದ್ದದ್ದು ಮಳೆಮೋಡದೊಳಗೂ ತೊಳೆದುಹೋಗದೆ ಆಕಾಶದ ಅಟ್ಟ ಸೇರುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಡ್ರೋನ್ ಬಗ್ಗೆ ಕೇಳಿದ್ದೀರಿ. ನಾಸಾ 2010ರಿಂದ ಕೆಲವು ವರ್ಷ ‘ಗ್ಲೋಬಲ್ ಹಾಕ್’ ಎಂಬ ಮಾನವರಹಿತ ವಿಮಾನವನ್ನು ಚಂಡಮಾರುತ ಮತ್ತು ಉಷ್ಣವಲಯದ ಮೇಲ್ಗಾಳಿಯ ಅಧ್ಯಯನಕ್ಕೆ ಬಳಸಿತು. ಇಡೀ ಹಗಲು-ರಾತ್ರಿ ಹಾರಬಲ್ಲದ್ದು. ಆದರೆ ಅಷ್ಟು ದೊಡ್ಡ ಡ್ರೋನ್‌ಗೂ ನೆಲದಲ್ಲಿ ದೊಡ್ಡ ತಂಡವೇ ಬೇಕು, ಜನವಸತಿಯ ಮೇಲೆ ಹಾರಿಸಲು ಅನುಮತಿ ಸಿಗುವುದು ಕಷ್ಟ. ಎದುರಿಗೆ ಅನಿರೀಕ್ಷಿತವಾಗಿ ಎದ್ದ ಮೋಡದ ಗೋಪುರವನ್ನು ಕಣ್ಣಾರೆ ಕಂಡು ಪಕ್ಕಕ್ಕೆ ಸರಿಯುವ ಪೈಲಟ್‌ಗೆ ಇನ್ನೂ ಬೆಲೆ ಇದೆ. ಮುಂದೆ ಈ ಲೆಕ್ಕ ಬದಲಾಗುತ್ತದೆ ಎಂದೇ ನನ್ನ ಅಭಿಪ್ರಾಯ. ಆ ಬದಲಾವಣೆಯ ಒಂದು ಎಳೆ ನಿಮ್ಮ ಜಿಲ್ಲೆಯಲ್ಲೇ ಇದೆ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ರೂಪಿಸಿದ ಸೌರಶಕ್ತಿಯ ಎತ್ತರದ ವಿಮಾನದ ಸಣ್ಣ ಮಾದರಿ 2024ರ ಫೆಬ್ರುವರಿಯಲ್ಲಿ ಚಳ್ಳಕೆರೆಯ ಪರೀಕ್ಷಾ ನೆಲೆಯಿಂದ ಹಾರಿತು. ರೆಕ್ಕೆ ಸುಮಾರು 12 ಮೀಟರ್, ತೂಕ 23 ಕಿಲೋಗಿಂತ ಕಡಿಮೆ, ಎಂಟೂವರೆ ಗಂಟೆ ಹಾರಾಟ, ಎತ್ತರ 3 ಕಿಲೋಮೀಟರ್. ಪೂರ್ಣ ಗಾತ್ರದ್ದು 20 ಕಿಲೋಮೀಟರ್ ಎತ್ತರದಲ್ಲಿ ವಾರಗಟ್ಟಲೆ ನಿಲ್ಲಬೇಕು ಎಂಬುದು ಗುರಿ. ಅದು ಹೊರಬಲ್ಲ ಉಪಕರಣದ ತೂಕ ಇಆರ್-2ರ ಒಂದು ಟನ್ನಿಗೂ ಮಿಕ್ಕ ಹೊರೆಯ ಮುಂದೆ ತೀರ ಚಿಕ್ಕದು. ಆದರೆ ಒಂದೇ ಜಾಗದ ಗಾಳಿಯನ್ನು ಇಡೀ ಮುಂಗಾರು ಕಾಯುತ್ತ ಕೂರುವುದು ಇಆರ್-2ಗೂ ಆಗದು.

ನಮ್ಮಲ್ಲಿ 20 ಕಿಲೋಮೀಟರಿಗೆ ಏರುವ ಸಂಶೋಧನಾ ವಿಮಾನವಿಲ್ಲ. ಕೆಳಮಟ್ಟದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಪುಣೆಯ ಐಐಟಿಎಂ (ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ) 2009ರಿಂದ ಮೋಡಗಳೊಳಗೆ ವಿಮಾನ ಹಾರಿಸಿ ಹನಿ ಮತ್ತು ಕಣಗಳನ್ನು ಅಳೆಯುತ್ತಿದೆ. 2016ರ ಮುಂಗಾರಿನಲ್ಲಿ ಬ್ರಿಟನ್ನಿನ ಸಂಶೋಧನಾ ವಿಮಾನವೊಂದು ಲಖನೌದಿಂದಲೂ ಬೆಂಗಳೂರಿನಿಂದಲೂ ಹಾರಿ, ಭಾರತೀಯ ವಿಜ್ಞಾನ ಸಂಸ್ಥೆಯವರ ಜೊತೆಗೂಡಿ ಪಶ್ಚಿಮ ಘಟ್ಟ ಮತ್ತು ಅರಬ್ಬಿ ಸಮುದ್ರದ ಮೇಲಿನ ಗಾಳಿಯನ್ನು ಅಳೆಯಿತು. ಇನ್ನೂ ಎತ್ತರಕ್ಕೆ ನಮಗಿರುವುದು ಬಲೂನು. ಇಸ್ರೊ ಮತ್ತು ನಾಸಾ ಸೇರಿ 2014ರಿಂದ ಹೈದರಾಬಾದಿನ ಬಲೂನು ಕೇಂದ್ರ ಮತ್ತು ಆಂಧ್ರಪ್ರದೇಶದ ಗಾದಂಕಿಯಿಂದ ಆ ಕಣಪದರದೊಳಕ್ಕೇ ಬಲೂನು ಹಾರಿಸಿದ್ದಾರೆ. ಅಗ್ಗ, ನಂಬಿಕಸ್ತ. ಆದರೆ ಗಾಳಿ ಕರೆದತ್ತ ಅದು ಹೋಗುತ್ತದೆ, ನಾವು ಬೇಕೆಂದ ಮೋಡದ ಬಳಿಗೆ ಹೋಗುವುದಿಲ್ಲ. ಮುಂಗಾರು ನಮ್ಮ ತಲೆಯ ಮೇಲಿದೆ, ಅದರ ನೆತ್ತಿಯನ್ನು ಮುಟ್ಟಿ ನೋಡಿದ ವಿಮಾನ ಹೊರಗಿನಿಂದ ಬಂದು ಎರಡು ವಾರ ಹಾರಿ ಹೋಯಿತು. ನಮಗೆ ನಮ್ಮದೇ ಒಂದು ಬೇಕು ಎಂದು ನಾನು ಸಿಕ್ಕ ಸಭೆಗಳಲ್ಲೆಲ್ಲ ಹೇಳುತ್ತ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ನೀವು ಕೇಳದಿದ್ದರೂ ಒಂದು ಮಾತು. ಈ ಕ್ಷೇತ್ರಕ್ಕೆ ಬರುವ ಮನಸ್ಸಿದ್ದರೆ ಉಪಕರಣ ಕಟ್ಟುವುದನ್ನು ಕಲಿಯಿರಿ. ಲೆಕ್ಕದ ಮಾದರಿಗಳಲ್ಲಿ ಕೆಲಸ ಮಾಡುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಮೈನಸ್ 80 ಡಿಗ್ರಿಯಲ್ಲಿ ನಡುಗದೆ ಎಣಿಸುವ ಪೆಟ್ಟಿಗೆ ಮಾಡಬಲ್ಲವರು ಬೆರಳೆಣಿಕೆಯಷ್ಟು. ಎಂ.ಎಸ್ಸಿ. ಯೋಜನೆಗೆ ಪ್ರಕಾಶವಿಜ್ಞಾನ ಅಥವಾ ನಿರ್ವಾತ ತಂತ್ರದ ವಿಷಯ ಆರಿಸಿಕೊಳ್ಳಿ. ಆಮೇಲೆ ಗಾದಂಕಿಯ ಎನ್‌ಎಆರ್‌ಎಲ್ (ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ), ಪುಣೆಯ ಐಐಟಿಎಂ, ಅಹಮದಾಬಾದಿನ ಪಿಆರ್‌ಎಲ್ (ಭೌತ ಸಂಶೋಧನಾ ಪ್ರಯೋಗಾಲಯ), ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರ, ಈ ನಾಲ್ಕರ ಪಿಎಚ್.ಡಿ. ಪ್ರವೇಶದ ಪ್ರಕಟಣೆಗಳ ಮೇಲೆ ಕಣ್ಣಿಡಿ.